ಕುಂಕುಮದ ಭರಣಿಯಲ್ಲಿ ಕಬಿನಿ

ಕಬಿನಿಗೆ ಹೋಗೋದು ಅಂತ ಮಾತಾದ ಸಂಜೆಯೇ ನಮ್ಮ ಭಾವ ಮೆಮೊರಿ ಕಾರ್ಡಿನ ಲೆಕ್ಕ ಶುರು ಮಾಡಿದರು. ರೂಮು ಇನ್ನೂ ಬುಕ್ ಆಗಿರಲಿಲ್ಲ. ನನಗೆ ರಜೆ ಸಿಕ್ಕಿರಲಿಲ್ಲ. ಅಕ್ಕ ‘ಮೇ ತಿಂಗಳ ಬಿಸಿಲಲ್ಲಿ ಯಾರಾದ್ರೂ ಕಾಡಿಗೆ ಹೋಗ್ತಾರಾ’ ಅಂತ ಕೇಳುತ್ತಲೇ ಇದ್ದಳು. ಹೋಗುವವರು ಬೇಸಿಗೆಯಲ್ಲೇ ಹೋಗುತ್ತಾರೆ. ಕಬಿನಿಯ ಹಿನ್ನೀರು ಇಳಿದು ದಡದಲ್ಲಿ ಹುಲ್ಲು ಚಿಗುರಿದಾಗಲೇ ಆನೆಗಳ ಹಿಂಡು ಬಯಲಿಗೆ ಬರೋದು. ಇದನ್ನು ಅಕ್ಕನಿಗೆ ಹೇಳಬೇಕಾದ ಭಾವ ಊಟದ ಟೇಬಲ್ ಮೇಲೆ ಕರೆಂಟ್ ಬಿಲ್ಲು ಮಗುಚಿ ಹಾಕಿಕೊಂಡು ಗುಣಿಸುತ್ತಾ ಕೂತಿದ್ದರು.

‘ನೋಡಪ್ಪಾ, 24 ಮೆಗಾಪಿಕ್ಸೆಲ್ ಕ್ಯಾಮೆರಾ. ಒಂದು ರಾ ಫೈಲು ಅಂದ್ರೆ ಸುಮಾರು 30 ಎಂಬಿ. 64 ಜಿಬಿ ಕಾರ್ಡಿಗೆ ಎರಡು ಸಾವಿರ ಫೋಟೋ. ಸಾಲಲ್ಲ.’

‘ಜೆಪೆಗ್‌ನಲ್ಲಿ ತೆಗೀರಿ ಭಾವ. ಹತ್ತು ಎಂಬಿ ಆಗುತ್ತೆ. ಆರು ಸಾವಿರ ಹಿಡಿಯುತ್ತೆ.’

ಭಾವ ನನ್ನ ಮುಖ ನೋಡಿದ ರೀತಿ ಹೇಗಿತ್ತೆಂದರೆ, ಹಬ್ಬದ ದಿನ ಪಾಯಸಕ್ಕೆ ಸಕ್ಕರೆ ಬದಲು ಸ್ಯಾಕರಿನ್ ಹಾಕೋಣ ಅಂದವನನ್ನು ಮನೆಯ ಅಜ್ಜಿ ಕೂಡ ಹಾಗೆ ನೋಡಿರಲಾರರು.

ಗೊತ್ತಿಲ್ಲದವರಿಗೆ ಎರಡು ಮಾತು. ಕ್ಯಾಮೆರಾದ ಸೆನ್ಸರ್ ಕಂಡದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ತುಂಬಿಟ್ಟರೆ ಅದು ರಾ ಫೈಲು. ಕ್ಯಾನನ್‌ನವರು ಅದಕ್ಕೆ ಸಿಆರ್3 ಅಂತಾರೆ, ನಿಕಾನ್‌ನವರು ಎನ್‌ಇಎಫ್, ಸೋನಿಯವರು ಎಆರ್‌ಡಬ್ಲ್ಯೂ. ಒಬ್ಬರದ್ದು ಒಬ್ಬರಿಗೆ ಆಗಿಬರೋದಿಲ್ಲ. ಅದೇ ಕ್ಯಾಮೆರಾ ತಾನೇ ಬಣ್ಣ, ಹೊಳಪು ಎಲ್ಲ ಸರಿಮಾಡಿ, ಕಣ್ಣಿಗೆ ಅಷ್ಟಾಗಿ ಕಾಣದ ವಿವರ ಬಿಸಾಕಿ, ಚಿಕ್ಕದು ಮಾಡಿ ಕೊಟ್ಟರೆ ಜೆಪೆಗ್. 1992ರಲ್ಲಿ ಬಂದದ್ದು. ಇವತ್ತಿಗೂ ಯಾವ ಫೋನಿಗೆ ಹಾಕಿದರೂ, ಯಾವ ಟಿವಿಗೆ ಚುಚ್ಚಿದರೂ ತೆರೆದುಕೊಳ್ಳುತ್ತದೆ.

ಭಾವನ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಕತ್ತಲಿಂದ ಬೆಳಕಿನವರೆಗೆ 256 ಮೆಟ್ಟಿಲು. ಇದಕ್ಕೆ 8 ಬಿಟ್ ಅಂತಾರೆ. 14 ಬಿಟ್ ರಾ ಫೈಲಿನಲ್ಲಿ 16,384. ಹುಲಿ ಮರದ ನೆರಳಲ್ಲಿ ಮಲಗಿದೆ, ಹಿಂದೆ ಬಿಸಿಲು ಹೊಡೆಯುತ್ತಿದೆ ಅಂತಿಟ್ಟುಕೊಳ್ಳಿ. ರಾ ಇದ್ದರೆ ಮನೆಗೆ ಬಂದು ನೆರಳನ್ನು ಎತ್ತಿ ಹುಲಿಯ ಮೀಸೆ ಹುಡುಕಬಹುದು. ಜೆಪೆಗ್‌ನಲ್ಲಿ ಹಾಗೆ ಎತ್ತಲು ಹೋದರೆ ಹುಲಿಯ ಮೈಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ. ಬಣ್ಣ ಹಳದಿಗೆ ತಿರುಗಿದ್ದರೂ ರಾ ಫೈಲಿನಲ್ಲಿ ಆಮೇಲೆ ಸರಿಮಾಡಿಕೊಳ್ಳಬಹುದು. ಇದೆಲ್ಲ ನಿಜ. ಆದರೆ ‘ಮನೆಗೆ ಬಂದು’ ಅನ್ನೋ ಮಾತಿದೆಯಲ್ಲ, ಅಲ್ಲೇ ಇರೋದು ಸಮಸ್ಯೆ. ಭಾವ ಹಂಪಿಯಲ್ಲಿ ತೆಗೆದ ರಾ ಫೈಲುಗಳು ಇನ್ನೂ ಡಿಸ್ಕಿನಲ್ಲೇ ಇವೆ. ಬಾದಾಮಿಯವು ಅದರ ಪಕ್ಕದಲ್ಲಿ. ನಮ್ಮ ಕಡೆ ಮದುವೆಗಳಲ್ಲಿ ಶರ್ಟ್ ಪೀಸ್ ಕೊಡುತ್ತಾರಲ್ಲ, ರಾ ಫೈಲು ಹಾಗೆ. ಬಟ್ಟೆ ಒಳ್ಳೇದೇ. ಟೈಲರ್ ಹತ್ತಿರ ಹೋಗಬೇಕು ಅಷ್ಟೆ. ಹೋಗೋದೇ ಇಲ್ಲ.

ಕಾರ್ಡು ಕೊಳ್ಳಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆವು. ನಾನು, ಭಾವ, ಅಕ್ಕನ ಮಗ. ಅಂಗಡಿಯವನು ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿದ್ದ 200ರ ಮೇಲೆ ಬೆರಳಿಟ್ಟು ‘ಟಾಪ್ ಸ್ಪೀಡ್ ಸಾರ್’ ಅಂದ. ಹುಡುಗ ಕಾರ್ಡು ಇಸಕೊಂಡು ಕಣ್ಣಿನ ಹತ್ತಿರ ಹಿಡಿದ. ‘ಅದು ಓದೋ ಸ್ಪೀಡು ಅಂಕಲ್. ಬರೆಯೋದು ಇಲ್ಲಿದೆ ನೋಡಿ’ ಅಂತ ಮೂಲೆಯಲ್ಲಿ ಇರುವೆ ಗಾತ್ರದಲ್ಲಿದ್ದ ವಿ30 ತೋರಿಸಿದ. ಎಷ್ಟೇ ಹೊತ್ತು ಬರೆದರೂ ಸೆಕೆಂಡಿಗೆ 30 ಎಂಬಿಗಿಂತ ಕಡಿಮೆಯಾಗದು ಅನ್ನೋ ಭರವಸೆ ಅಷ್ಟೆ. ವಿ60, ವಿ90 ಅಂತಲೂ ಇವೆ. ಬೆಲೆ ಕೇಳಿ ಭಾವ ಸುಮ್ಮನಾದರು. ಸಾವಿರಾರು ರೂಪಾಯಿ ಲೆನ್ಸಿಗೆ ಕೊಡುವಾಗ ನಡುಗದ ಕೈ ಕಾರ್ಡಿನ ಮುಂದೆ ನಡುಗುತ್ತದೆ. ಇದು ಎಲ್ಲ ಫೋಟೋಗ್ರಾಫರುಗಳ ಲಕ್ಷಣ.

ನಾನು ಒಂದೇ ಒಂದು ಸಲಹೆ ಕೊಟ್ಟೆ. 256 ಜಿಬಿಯ ಒಂದು ಕಾರ್ಡು ಬೇಡ, 64ರ ನಾಲ್ಕು ತಗೊಳ್ಳಿ. ಒಂದು ಕೈಕೊಟ್ಟರೂ ಮೂರು ಉಳಿಯುತ್ತವೆ. ಅದು ಮಾತ್ರ ಒಪ್ಪಿಗೆಯಾಯಿತು. ಮನೆಗೆ ಬಂದ ಮೇಲೆ ಹುಡುಗ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ನಾಲ್ಕನ್ನೂ ತುಂಬಿಸಿ, ಓದಿಸಿ ನೋಡಿದ. ನಕಲಿ ಕಾರ್ಡುಗಳು ಹೊರಗೆ 64 ಅಂತ ಹೇಳಿಕೊಂಡು ಒಳಗೆ ಎಂಟೋ ಹದಿನಾರೋ ಇರುತ್ತವೆ. ತುಂಬಿದ ಮೇಲೂ ‘ಆಯ್ತು, ಆಯ್ತು’ ಅಂತಲೇ ಇರುತ್ತವಂತೆ. ಇಂಥ ನೆಂಟರು ನಮಗೂ ಇದ್ದಾರೆ. ನಮ್ಮವು ಅಸಲಿ ಆಗಿದ್ದವು.

ಇನ್ನು ಸಫಾರಿ. ಕಬಿನಿಯ ಕಡೆಯಿಂದ ನಾಗರಹೊಳೆ ಕಾಡಿನೊಳಕ್ಕೆ ಜೀಪು. ಲೆನ್ಸಿನ ಉದ್ದ ನೋಡಿ ಕ್ಯಾಮೆರಾಗೆ ಬೇರೆ ದುಡ್ಡು. ಭಾವನ ಲೆನ್ಸು ನೋಡಿ ರಸೀದಿ ಬರೆಯುವವರು ಕನ್ನಡಕ ಏರಿಸಿದರು. ನಮ್ಮ ಹಿಂದಿನ ಸೀಟಿನಲ್ಲಿ ದಾವಣಗೆರೆಯ ನಿವೃತ್ತ ಮೇಷ್ಟ್ರು ಒಬ್ಬರು. ಕೈಯಲ್ಲಿ ಲೆನ್ಸು ಬಿಚ್ಚಲು ಬಾರದ ಹಳೇ ಜೂಮ್ ಕ್ಯಾಮೆರಾ. ಭಾವ ಅದನ್ನೊಮ್ಮೆ ನೋಡಿ, ‘ರಾ ಬರುತ್ತಾ ಸಾರ್ ಇದ್ರಲ್ಲಿ?’ ಅಂತ ಕೇಳಿದರು. ಮೇಷ್ಟ್ರು ‘ಏನು ಬರುತ್ತೋ ಗೊತ್ತಿಲ್ಲ ಸ್ವಾಮಿ, ಫೋಟೋ ಬರುತ್ತೆ’ ಅಂದರು.

ಕಾಡು ಹೊಕ್ಕ ಸ್ವಲ್ಪ ಹೊತ್ತಿಗೆ ನವಿಲೊಂದು ಗರಿ ಬಿಚ್ಚಿತು. ಭಾವ ಬಟನ್ ಒತ್ತಿ ಹಿಡಿದರು. ಕ್ಯಾಮೆರಾ ಸೆಕೆಂಡಿಗೆ ಹತ್ತು ಫೋಟೋ ತೆಗೆಯುತ್ತದೆ. ಟರ್‌ರ್‌ರ್ ಅಂತ ಮಿಕ್ಸಿ ಸದ್ದು. ನವಿಲು ಒಂದು ಸುತ್ತು ತಿರುಗಿತು, ಭಾವನೂ ಬಿಡಲಿಲ್ಲ. ಅಷ್ಟರಲ್ಲಿ ಎಲ್ಲೋ ಜಿಂಕೆ ಕೂಗಿತು. ಮರದ ಮೇಲಿಂದ ಮುಸುವ ಖಕ್ ಅಂತು. ಡ್ರೈವರ್ ಜೀಪು ಆಫ್ ಮಾಡಿ, ತಲೆ ತಿರುಗಿಸದೆ, ಬೆರಳು ಮಾತ್ರ ಬಲಕ್ಕೆ ತೋರಿಸಿದ. ಲಂಟಾನದ ಪೊದೆ ಸರಿಸಿಕೊಂಡು ಹುಲಿ ದಾರಿಗೆ ಬಂತು. ನಮ್ಮನ್ನು ಒಂದು ಸಲ ನೋಡಿತು. ಬಾಡಿಗೆ ಕಟ್ಟದ ಮನೆಯವರನ್ನು ಮಾಲೀಕರು ನೋಡುವ ಹಾಗೆ.

ಭಾವ ಬಟನ್ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಕ್ಯಾಮೆರಾದ ಹಿಂಭಾಗದಲ್ಲಿ ಪುಟ್ಟ ದೀಪ ಮಿಣಮಿಣ ಅಂತಿತ್ತು. ನವಿಲನ್ನು ಬರೆಯುತ್ತಿತ್ತು.

ಲೆಕ್ಕ ಸುಲಭ. 30 ಎಂಬಿಯ ಹತ್ತು ಫೋಟೋ ಅಂದರೆ ಸೆಕೆಂಡಿಗೆ 300 ಎಂಬಿ. ಕಾರ್ಡು ಕೊಟ್ಟ ಭರವಸೆ 30. ಒಂದು ಸೆಕೆಂಡಿನ ನವಿಲನ್ನು ಕೆಳಗಿಳಿಸಲು ಹತ್ತು ಸೆಕೆಂಡು. ಅಲ್ಲಿಯವರೆಗೆ ಫೋಟೋಗಳೆಲ್ಲ ಬಫರ್ ಅನ್ನೋ ಇಕ್ಕಟ್ಟಿನ ಜಾಗದಲ್ಲಿ ಕ್ಯೂ ನಿಂತಿರುತ್ತವೆ. ಅದು ತುಂಬಿದರೆ ಹೊಸಬರಿಗೆ ಜಾಗವಿಲ್ಲ, ಬಂದವನು ಹುಲಿಯಾದರೂ ಅಷ್ಟೆ. ಜೆಪೆಗ್ ಆಗಿದ್ದರೆ ಇದರ ಮೂರನೇ ಒಂದು ಪಾಲು ಹೊರೆ. ಇಲ್ಲವೇ ಅದೇ ಕ್ಯಾಮೆರಾದ ಮೆನುವಿನಲ್ಲಿ ಗುಣ ಅಷ್ಟಾಗಿ ಕೆಡದಂತೆ ರಾ ಫೈಲನ್ನೇ ಇನ್ನಷ್ಟು ಒತ್ತಿ ಚಿಕ್ಕದು ಮಾಡುವ ಆಯ್ಕೆ ಇತ್ತು. ಭಾವನಿಗೆ ಅದೂ ಗೊತ್ತಿತ್ತು. ‘ಒತ್ತಿದ್ದು ಒತ್ತಿದ್ದೇ ಕಣಪ್ಪಾ’ ಅಂತ ಬಿಟ್ಟಿದ್ದರು.

ಕ್ಯಾಮೆರಾಗೆ ಮತ್ತೆ ಉಸಿರು ಬರುವ ಹೊತ್ತಿಗೆ ಹುಲಿ ದಾರಿ ದಾಟಿತ್ತು. ಭಾವನಿಗೆ ಸಿಕ್ಕಿದ್ದು ಬಾಲ. ಒಳ್ಳೆಯ ಬಾಲ. ಉಂಗುರ ಉಂಗುರವಾಗಿ, ಒಂದೊಂದು ಕೂದಲೂ ಎಣಿಸುವಂತೆ. ಹಿಂದಿನ ಸೀಟಿನಿಂದ ಮೇಷ್ಟ್ರು ‘ಮೂರು ತೆಗೆದೆ, ಸಾಕಲ್ವಾ?’ ಅಂತ ಕ್ಯಾಮೆರಾ ಮುಂದಕ್ಕೆ ಚಾಚಿದರು. ಹುಲಿ ಇಡಿಯಾಗಿತ್ತು. ನಮ್ಮನ್ನೇ ನೋಡುತ್ತಿತ್ತು. ಡ್ರೈವರ್ ‘ಸೂಪರ್ ಸಾರ್’ ಅಂದ. ಭಾವ ಕಾಡನ್ನು ನೋಡುತ್ತಾ ಕೂತರು.

ರಾತ್ರಿ ಇನ್ನೊಂದು ಅಧ್ಯಾಯ. ಫೋಟೋಗಳಿಗೆ ಮೂರು ಪ್ರತಿ ಇರಬೇಕು, ಎರಡು ಬೇರೆ ಬೇರೆ ಸಾಧನದಲ್ಲಿರಬೇಕು, ಒಂದು ಬೇರೆ ಜಾಗದಲ್ಲಿರಬೇಕು ಅನ್ನೋದು ಈ ಕಸುಬಿನ ನಿಯಮ. 3-2-1 ಅಂತಾರೆ. ಭಾವ ಊಟಕ್ಕೆ ಮುಂಚೆ ಲ್ಯಾಪ್‌ಟಾಪ್ ತೆರೆದರು. ಕಾರ್ಡ್ ರೀಡರ್ ಹಳೇ ಯುಎಸ್‌ಬಿ 2 ಕಾಲದ್ದು. ಒಂದು ಕಾರ್ಡಿಗೆ ಅರ್ಧ ಗಂಟೆಗೂ ಜಾಸ್ತಿ. ಹಸಿರು ಪಟ್ಟಿ ತೆವಳುತ್ತಿತ್ತು. ಕರೆಂಟ್ ಹೋಯಿತು. ಜನರೇಟರ್ ಬಂತು. ಮತ್ತೆ ಹೋಯಿತು. ಅಕ್ಕ ‘ಮುದ್ದೆ ಆರ್ತಾ ಇದೆ ರೀ’ ಅಂತ ಬಾಗಿಲಲ್ಲಿ ನಿಂತಳು.

‘ಆ ಇನ್ನೆರಡು ಕಾರ್ಡು ಎಲ್ಲಿ?’ ಅಂದರು ಭಾವ.

‘ಟೇಬಲ್ ಮೇಲೆ ಬಿದ್ದಿದ್ವು. ಕಳೆದುಹೋದಾವು ಅಂತ ಭರಣಿಗೆ ಹಾಕಿಟ್ಟೆ.’

ಕುಂಕುಮದ ಭರಣಿ. ಬೆಳ್ಳಿಯದು, ಅಮ್ಮ ಕೊಟ್ಟದ್ದು, ಅಕ್ಕ ಎಲ್ಲಿಗೆ ಹೋದರೂ ಜೊತೆಗೆ ಒಯ್ಯೋದು. ‘ಖಾಲಿನೇ ಇತ್ತು ರೀ’ ಅಂದಳು. ಖಾಲಿ ಅನ್ನೋದಕ್ಕೆ ಹೆಂಗಸರ ಲೆಕ್ಕವೇ ಬೇರೆ. ಮುಚ್ಚಳ ತೆಗೆದರೆ ನವಿಲು, ಆನೆ, ಬಾಲ ಎಲ್ಲಕ್ಕೂ ಕುಂಕುಮಾರ್ಚನೆ ಆಗಿತ್ತು. ಕಾರ್ಡಿನ ಹಿಂದಿನ ಚಿನ್ನದ ಬಣ್ಣದ ಪಟ್ಟಿಗಳು, ಅವುಗಳ ನಡುವಿನ ಸಂದುಗಳು, ಪಕ್ಕದ ಪುಟಾಣಿ ಲಾಕಿನ ಗುಂಡಿ, ಎಲ್ಲ ಕೆಂಪು. ಭಾವ ಲೆನ್ಸ್ ಒರೆಸುವ ಬ್ರಷ್ ತಂದು ಟಾರ್ಚ್ ಬೆಳಕಿನಲ್ಲಿ ಒಂದೊಂದೇ ಪಟ್ಟಿ ಗುಡಿಸಿದರು. ಕೈ, ಮೂಗು, ಲ್ಯಾಪ್‌ಟಾಪಿನ ಎಂಟರ್ ಕೀ ಕೂಡ ಕೆಂಪಾದವು. ರೂಮ್ ಸರ್ವಿಸ್ ಹುಡುಗ ನೀರು ತಂದವನು ಮುಖ ನೋಡಿ ‘ಪೂಜೆ ಆಯ್ತಾ ಸಾರ್’ ಅಂದ. ಎರಡೂ ಕಾರ್ಡು ಓದಿಕೊಂಡವು. ಆದರೂ ಅವತ್ತು ರಾತ್ರಿ ಗಂಡ ಹೆಂಡತಿ ಮಾತಾಡಲಿಲ್ಲ. ಅಕ್ಕ ಕಾರ್ಡುಗಳನ್ನು ಮತ್ತೆ ಭರಣಿಗೇ ಹಾಕಿದಳು. ಈ ಸಲ ಹಠಕ್ಕೆ.

ಹುಡುಗನದ್ದು ಬೇರೆ ಗೋಳು. ಅವನ ಫೋನು ಫೋಟೋಗಳನ್ನು ಎಚ್‌ಇಐಸಿ ಅನ್ನೋ ರೂಪದಲ್ಲಿ ಇಡುತ್ತದೆ. ಜಾಗ ಅರ್ಧ ಉಳಿಯುತ್ತದಂತೆ. ಮಾರನೇ ದಿನ ಮೈಸೂರಿನಲ್ಲಿ ಅಜ್ಜಿಗೆ ಅಂತ ಒಂದು ಫೋಟೋ ಪ್ರಿಂಟ್ ಹಾಕಿಸಲು ಹೋದರೆ ಸ್ಟುಡಿಯೋದ ಕಂಪ್ಯೂಟರ್ ತೆರೆಯಲೇ ಇಲ್ಲ. ‘ಜೆಪೆಗ್ ಕೊಡಿ ಸಾರ್’ ಅಂದರು. ನಾನು ಭಾವನ ಕಡೆ ನೋಡಲಿಲ್ಲ. ನೋಡಬೇಕು ಅನಿಸಿತ್ತು.

ಮೈಸೂರು ಬಿಟ್ಟು ಸ್ವಲ್ಪ ಮುಂದೆ ಹೋಟೆಲಿನಲ್ಲಿ ತಿಂಡಿ ಆಯಿತು. ಆಮೇಲೆ ಎಕ್ಸ್‌ಪ್ರೆಸ್‌ವೇ ಹತ್ತಿದೆವು. ಮಂಡ್ಯದ ಬೈಪಾಸ್ ಬಂದಾಗ ಭಾವ ಇದ್ದಕ್ಕಿದ್ದಂತೆ ಮುಂದಿನ ಸೀಟಿನ ಕೆಳಗೆ ತಡಕಾಡಿದರು. ಆಮೇಲೆ ಹಿಂದಕ್ಕೆ ತಿರುಗಿ, ‘ಬ್ಯಾಗ್?’ ಅಂದರು. ಯಾರೂ ಮಾತಾಡಲಿಲ್ಲ. ಹೋಟೆಲಿನ ಕುರ್ಚಿಗೆ ನೇತುಹಾಕಿದ್ದು ಅಲ್ಲೇ ಇತ್ತು. ಅದರೊಳಗೆ ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್, ಎರಡು ಕಾರ್ಡು. ನಿಯಮದ ಪ್ರಕಾರ ಮೂರು ಪ್ರತಿ ಇತ್ತು. ಎರಡು ಬಗೆಯ ಸಾಧನವೂ ಇತ್ತು. ಬೇರೆ ಜಾಗ ಅನ್ನೋದಕ್ಕೆ ಅದೇ ಬ್ಯಾಗಿನ ಇನ್ನೊಂದು ಜಿಪ್ಪು.

ಹಳೇ ರಸ್ತೆಯಾಗಿದ್ದರೆ ಎಲ್ಲೋ ಒಂದು ಕಡೆ ತಿರುಗಿಸಬಹುದಿತ್ತು. 2023ರಲ್ಲಿ ಉದ್ಘಾಟನೆಯಾದ ಈ ರಸ್ತೆಯಲ್ಲಿ ಯೂ ಟರ್ನ್ ಅನ್ನೋದೇ ಇಲ್ಲ. ಎರಡೂ ಕಡೆ ಬೇಲಿ. ಇಳಿಯುವ ದಾರಿ ಬರುವವರೆಗೆ ಹೋಗುತ್ತಲೇ ಇರಬೇಕು, ಬ್ಯಾಗಿನಿಂದ ದೂರ ದೂರಕ್ಕೆ. ಹೋಟೆಲಿನ ಬಿಲ್ಲಿನಲ್ಲಿ ನಂಬರ್ ಇದೆಯಾ ಅಂದರೆ, ಬಿಲ್ಲೂ ಬ್ಯಾಗಿನಲ್ಲೇ. ಭಾವನ ಮುಖ ನೋಡಲಾಗುತ್ತಿರಲಿಲ್ಲ. ಆಗ ಅಕ್ಕ ಏನೂ ಹೇಳದೆ ತನ್ನ ವ್ಯಾನಿಟಿ ಬ್ಯಾಗಿನಿಂದ ಭರಣಿ ತೆಗೆದು ಗೇರಿನ ಪಕ್ಕದ ಗುಂಡಿಯಲ್ಲಿ ಟಕ್ ಅಂತ ಇಟ್ಟಳು. ಇಡೀ ಪ್ರವಾಸದಲ್ಲಿ 3-2-1ರ ಆ ಕೊನೆಯ ‘ಒಂದು’ ಪಾಲಿಸಿದವಳು ಅವಳೊಬ್ಬಳೇ.

ಬ್ಯಾಗೂ ಸಿಕ್ಕಿತು. ಸಪ್ಲೈಯರ್ ಕ್ಯಾಷ್ ಕೌಂಟರಿನ ಹಿಂದೆ ಎತ್ತಿಟ್ಟಿದ್ದ. ಭಾವ ಅವನಿಗೆ ಐನೂರು ಕೊಟ್ಟು, ಸಮಾಧಾನ ಆಗದೆ ಇನ್ನೊಂದು ಮಸಾಲೆ ದೋಸೆ ತಿಂದರು.

ಮನೆಗೆ ಬಂದ ರಾತ್ರಿಯೇ ಸಂಬಂಧಿಕರ ವಾಟ್ಸ್‌ಆಪ್ ಗುಂಪಿನಲ್ಲಿ ‘ಫೋಟೋ ಎಲ್ಲಿ’ ಅಂತ ಶುರುವಾಯಿತು. ಹಾಗೇ ಕಳಿಸಿದರೆ ವಾಟ್ಸ್‌ಆಪ್ ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ ಅಂತ ಭಾವ ಬಾಲದ ರಾ ಫೈಲನ್ನೇ ಡಾಕ್ಯುಮೆಂಟ್ ಮಾಡಿ ಹಾಕಿದರು. ಶಿವಮೊಗ್ಗದ ದೊಡ್ಡಮ್ಮ ಬರೆದರು: ‘ಏನೋ ಬಂದಿದೆ, ತೆರೆಯೋದಕ್ಕೆ ಆಪ್ ಇಲ್ಲ ಅಂತಿದೆ. ಮದುವೆ ಕಾಗದಾನಾ?’ ಇನ್ನೊಬ್ಬರು ‘ಕಂಗ್ರಾಟ್ಸ್’ ಅಂತ ಹಾಕಿಬಿಟ್ಟರು. ಅವರನ್ನು ನೋಡಿ ಇನ್ನೂ ಐದಾರು ಜನ.

ಅಷ್ಟರಲ್ಲಿ ಅಕ್ಕನ ಫೋನಿಗೆ ದಾವಣಗೆರೆ ಮೇಷ್ಟ್ರು ತಮ್ಮ ಹುಲಿಯನ್ನು ಕಳಿಸಿದ್ದರು. ಜೀಪಿನಲ್ಲೇ ನಂಬರ್ ತಗೊಂಡಿದ್ದರಂತೆ. ಅಕ್ಕ ಅದನ್ನು ಗುಂಪಿಗೆ ಹಾಕಿದಳು. ಹಾರ್ಟು, ಚಪ್ಪಾಳೆ, ಕೈಮುಗಿಯೋದು, ಎಲ್ಲ ಸುರಿಯತೊಡಗಿತು. ದೊಡ್ಡಮ್ಮ ಅದನ್ನು ಗುಂಪಿನ ಚಿತ್ರವಾಗಿಯೇ ಇಡಿಸಿದರು. ಭಾವ ಸೋಫಾದ ಮೂಲೆಯಲ್ಲಿ ಕೂತು ಫೋನಿನಲ್ಲಿ ಆ ಹುಲಿಯನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು.

‘ಎಷ್ಟಾದ್ರೂ ಇದು ಬರೀ 8 ಬಿಟ್ ಹುಲಿ ಕಣೇ’ ಅಂದರು.

‘ಇರ್ಲಿ ಬಿಡಿ’ ಅಂದಳು ಅಕ್ಕ. ‘ನಿಮ್ಮ 14 ಬಿಟ್ ಬಾಲಕ್ಕಿಂತ ವಾಸಿ.’