ಹತ್ತು ಫೋಟೋ ಹಾಕುತ್ತೀರಿ, ಎಕ್ಸ್‌ಪೈರಿ ಡೇಟ್ ಇರುವ ಕಡೆ ಯಾಕೆ ತೋರಿಸುವುದಿಲ್ಲ?

ಆನ್‌ಲೈನ್‌ನಲ್ಲಿ ಮುಖದ ಕ್ರೀಮು, ಸೀರಮ್ಮು ಮಾರುವವರ ಮೇಲೆ ನನಗೆ ಸಿಟ್ಟು ನೆತ್ತಿಗೇರಿದೆ. ಇವತ್ತು ಬರೆದೇ ತೀರಬೇಕು.

ಯಾವುದಾದರೂ ಒಂದು ಸೀರಮ್ ತೆಗೆದು ನೋಡಿ. ಹತ್ತು ಫೋಟೋ ಇರುತ್ತವೆ. ಹನಿ ಬೀಳುವುದು ಒಂದು, ಎಲೆ ಮೇಲೆ ಬಾಟಲಿ ಇಟ್ಟಿದ್ದು ಒಂದು, ಹುಡುಗಿ ನಗುವುದು ಒಂದು, ಅವಳ ಕೆನ್ನೆ ಹತ್ತಿರದಿಂದ ಇನ್ನೊಂದು. ಡಬ್ಬದ ಹಿಂದುಗಡೆ ಮಾತ್ರ ಯಾವ ಫೋಟೋದಲ್ಲೂ ಇರುವುದಿಲ್ಲ. ಬ್ಯಾಚ್ ನಂಬರು, ಎಕ್ಸ್‌ಪೈರಿ ಡೇಟು, ಮಾಡಿದವರ ವಿಳಾಸ, ಲೈಸೆನ್ಸ್ ನಂಬರು, ಎಂಆರ್‌ಪಿ ಎಲ್ಲ ಇರುವುದು ಆ ಕಡೆಯಲ್ಲೇ ಅಲ್ವಾ? ದುಡ್ಡು ಕೊಡುವವಳಿಗೆ ಬೇಕಾಗಿರುವುದೂ ಅದೇ.

ನಮ್ಮ ಶಿವಮೊಗ್ಗದ ದುರ್ಗಿಗುಡಿಯ ಯಾವ ಫ್ಯಾನ್ಸಿ ಸ್ಟೋರಿಗೆ ಹೋದರೂ ಡಬ್ಬ ಕೈಗೆ ತಗೊಳ್ಳುತ್ತೇವೆ, ತಿರುಗಿಸಿ ನೋಡುತ್ತೇವೆ, ಡೇಟ್ ಹತ್ತಿರ ಬಂದಿದ್ದರೆ "ಬೇರೆ ಕೊಡಿ" ಅನ್ನುತ್ತೇವೆ. ಅಂಗಡಿಯವರೂ ಮುಖ ಸಿಂಡರಿಸದೆ ಒಳಗಿಂದ ಹೊಸ ಸ್ಟಾಕ್ ತಂದು ಕೊಡುತ್ತಾರೆ. ಯಾರೂ ಇದನ್ನು ದೊಡ್ಡ ಉಪಕಾರ ಅಂದುಕೊಳ್ಳುವುದಿಲ್ಲ. ಅದೇ ಫೋನಿನಲ್ಲಿ ಕೊಂಡರೆ ದುಡ್ಡು ಮೊದಲು, ಡೇಟು ಆಮೇಲೆ. ಇದ್ಯಾವ ನ್ಯಾಯ?

ಏನಾಯಿತು ಅಂತ ಹೇಳುತ್ತೇನೆ. ನಮ್ಮ ಅತ್ತಿಗೆ ಹೊಸನಗರದ ಕಡೆ ಇರುವುದು. ಬಾಣಂತನ ಆದ ಮೇಲೆ ಅವರಿಗೆ ಎರಡೂ ಕೆನ್ನೆ ಮೇಲೆ ಬಂಗು ಬಂತು. ಚರ್ಮದ ಡಾಕ್ಟರು ಸನ್‌ಸ್ಕ್ರೀನ್ ಬಿಡದೇ ಹಚ್ಚಿ, ಜೊತೆಗೆ ವಿಟಮಿನ್ ಸಿ ಸೀರಮ್ ಹಚ್ಚಿ ಅಂದರು. ಊರಿನ ಮೆಡಿಕಲ್‌ನಲ್ಲಿ ಅದು ಸಿಗುವುದಿಲ್ಲ. ಅದಕ್ಕೋಸ್ಕರ ಶಿವಮೊಗ್ಗಕ್ಕೆ ಬರಬೇಕು ಅಂದರೆ ಒಂದು ದಿನದ ಕೆಲಸ ಹಾಳು. ಅವರ ಕಡೆ ಓಡುವುದು ಜಾಸ್ತಿ ಪ್ರೈವೇಟ್ ಬಸ್ಸೇ, ಹೆಂಗಸರಿಗೆ ಫ್ರೀ ಟಿಕೆಟ್ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಫೋನಿನಲ್ಲಿ ಆರ್ಡರ್ ಮಾಡಿದರು. ಅಡಿಕೆ ಸುಲಿದು ಕೂಡಿಟ್ಟ ದುಡ್ಡು ಅದು. ರಾತ್ರಿ ಹತ್ತು ಗಂಟೆವರೆಗೆ ಮೆಟ್ಟುಗತ್ತಿ ಮುಂದೆ ಕೂತು ಕೈ ಕರಿ ಮಾಡಿಕೊಂಡು ದುಡಿದಿದ್ದು.

ಪುಟದಲ್ಲಿ 1,299 ರೂಪಾಯಿ ಅಂತ ಬರೆದು ಗೀಟು ಎಳೆದಿದ್ದರು. ಪಕ್ಕದಲ್ಲಿ 549. ಡೆಲಿವರಿಗೆ 60, ಮನೆ ಬಾಗಿಲಲ್ಲಿ ದುಡ್ಡು ಕೊಡುವುದಕ್ಕೆ ಇನ್ನೊಂದು 49. ಡಬ್ಬ ಬಂತು, ಬಾಟಲಿ ತೆಗೆದರು, ನನಗೆ ಫೋನ್ ಮಾಡಿದರು. "ಏನೇ ಇದು, ಹೀಗೇ ಇರುತ್ತಾ? ಏನೋ ವಾಸನೆ ಬೇರೆ ಬರ್ತಿದೆ." ಅವರ ಕಡೆ ನೆಟ್‌ವರ್ಕ್ ನಿಲ್ಲುವುದಿಲ್ಲ, ವಿಡಿಯೋದಲ್ಲಿ ಏನೂ ಕಾಣಲಿಲ್ಲ. "ಅತ್ತಿಗೆ, ಏನೇ ಆದರೂ ಮುಖಕ್ಕೆ ಹಚ್ಚಿಕೊಳ್ಳಬೇಡಿ, ಡಬ್ಬನೂ ಬಿಸಾಡಬೇಡಿ" ಅಂದೆ. ಆಮೇಲೆ ಪೇಟೆಗೆ ಬಂದಾಗ ಹಾಗೇ ತಂದುಕೊಟ್ಟರು.

ಬಾಟಲಿಯೊಳಗೆ ಇದ್ದಿದ್ದು ಕಷಾಯದ ಬಣ್ಣ. ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಸಿಡ್ ಇರುವ ಸೀರಮ್ ಹೊಸದಿದ್ದಾಗ ನೀರಿನ ಹಾಗೆ ಇರುತ್ತದೆ, ಇಲ್ಲವೇ ತೆಳು ಹಳದಿ. ಗಾಳಿ, ಬೆಳಕು, ಸೆಕೆ ತಾಗಿದ ಹಾಗೆ ಅದು ಕೆಡುತ್ತಾ ಹೋಗಿ ಕಿತ್ತಳೆ ಆಗುತ್ತದೆ, ಆಮೇಲೆ ಕಂದು. ಕೆಟ್ಟಿದ್ದನ್ನು ಹಚ್ಚಿದರೆ ಪ್ರಯೋಜನ ಇಲ್ಲ, ಉರಿ ಬಂದರೂ ಬಂತು. ಅದಕ್ಕೇ ಸರಿಯಾಗಿ ಮಾಡುವವರು ಗಾಢ ಬಣ್ಣದ ಬಾಟಲಿಯಲ್ಲಿ, ಗಾಳಿ ಆಡದ ಹಾಗೆ ತುಂಬುತ್ತಾರೆ. ಇವರು ಬಿಳಿ ಗಾಜಿನ ಬಾಟಲಿಯಲ್ಲಿ ತುಂಬಿ, ಯಾವ ಗೋಡೌನಿನಲ್ಲಿ ಎಷ್ಟು ಕಾಲ ಇಟ್ಟಿದ್ದರೋ ದೇವರಿಗೇ ಗೊತ್ತು.

ಡಬ್ಬ ತಿರುಗಿಸಿದೆ. ಡೇಟ್ ಇರುವ ಜಾಗದಲ್ಲಿ ಒಂದು ಬಿಳಿ ಸ್ಟಿಕ್ಕರ್. ಮೂಲೆ ಸ್ವಲ್ಪ ಎದ್ದಿತ್ತು. ಕಿಟಕಿ ಬೆಳಕಿಗೆ ಹಿಡಿದು, ಉಗುರಲ್ಲಿ ಮೆಲ್ಲಗೆ ಎಬ್ಬಿಸಿದೆ. ಸ್ಟಿಕ್ಕರಿನ ಮೇಲೆ ಮುಂದಿನ ವರ್ಷದ ತಿಂಗಳು. ಕೆಳಗೆ ಕಂಪನಿಯವರು ಅಚ್ಚು ಹಾಕಿದ್ದು ಆಗಲೇ ಮುಗಿದುಹೋದ ತಿಂಗಳು. ಅದರ ಪಕ್ಕದಲ್ಲಿ ಇನ್ನೊಂದು ಪುಟ್ಟ ಸ್ಟಿಕ್ಕರ್, ಎಂಆರ್‌ಪಿ ಮೇಲೆ. ಸ್ಟಿಕ್ಕರಿನಲ್ಲಿ 1,299, ಕೆಳಗಿನ ಅಚ್ಚಿನಲ್ಲಿ 699.

ಲೆಕ್ಕ ಹಾಕಿ. ಅರ್ಧಕ್ಕಿಂತ ಜಾಸ್ತಿ ರಿಯಾಯಿತಿ ಅಂದಿದ್ದು ನಿಜದಲ್ಲಿ 150 ರೂಪಾಯಿ. ಅದರಲ್ಲಿ 109 ರೂಪಾಯಿ ಡೆಲಿವರಿ, ಕ್ಯಾಶ್ ಅಂತ ವಾಪಸ್ ಕಿತ್ತುಕೊಂಡರು. ಉಳಿದಿದ್ದು 41 ರೂಪಾಯಿ. ಆ 41 ರೂಪಾಯಿ ಉಳಿತಾಯಕ್ಕೆ ಸಿಕ್ಕಿದ್ದು ಅವಧಿ ಮುಗಿದ ಮಾಲು. ಪ್ಯಾಕೆಟ್ ಸಾಮಾನಿನ ಬಗ್ಗೆ 2011ರ ಕಾನೂನು ಮಾಪನ ನಿಯಮ ಇದೆ. ಬೆಲೆ ಇಳಿಸುವುದಕ್ಕೆ ಮಾತ್ರ ಸ್ಟಿಕ್ಕರ್ ಹಚ್ಚಬಹುದು, ಅದೂ ಮೊದಲಿನ ಬೆಲೆ ಮುಚ್ಚಿಹೋಗದ ಹಾಗೆ. ಏರಿಸುವುದಕ್ಕೆ ಹಚ್ಚುವ ಹಾಗೇ ಇಲ್ಲ. ಡೇಟಿನ ಮೇಲೆ ಹಚ್ಚುವುದಂತೂ ಹಾಡಹಗಲ ಮೋಸ. ಇದು ಕೈತಪ್ಪಿ ಆದದ್ದಲ್ಲ. ಯಾರೋ ಕೂತು, ಪ್ರಿಂಟ್ ತೆಗೆದು, ಸರಿಯಾಗಿ ಅಳತೆಗೆ ಕತ್ತರಿಸಿ, ಒಂದೊಂದೇ ಡಬ್ಬಕ್ಕೆ ಅಂಟಿಸಿದ್ದಾರೆ.

ಕಸ್ಟಮರ್ ಕೇರಿಗೆ ಬರೆದೆ. ಮೊದಲು "ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ" ಅಂತ ಬಂತು. ಆಮೇಲೆ ಸೌಂದರ್ಯದ ಸಾಮಾನು ವಾಪಸ್ ತಗೊಳ್ಳುವುದಿಲ್ಲ ಅಂದರು. ಆಮೇಲೆ ಮುಚ್ಚಳ ತೆಗೆದಿದ್ದೀರಿ, ಹಾಗಾಗಿ ಆಗುವುದಿಲ್ಲ ಅಂದರು. ಮುಚ್ಚಳ ತೆಗೆಯದೆ ವಾಸನೆ ಗೊತ್ತಾಗುವುದು ಹೇಗೆ? ಸ್ಟಿಕ್ಕರಿನ ಫೋಟೋ ಕಳಿಸಿದ ಮೇಲೆ ಧಾಟಿ ಬದಲಾಯಿತು. "ನಿಮ್ಮ ಪಿನ್ ಕೋಡಿಗೆ ಪಿಕಪ್ ಸೌಲಭ್ಯ ಇಲ್ಲ, ನಿಮ್ಮ ಖರ್ಚಲ್ಲಿ ಪೋಸ್ಟ್ ಮಾಡಿ" ಅಂದರು. ಮಾರುವುದಕ್ಕೆ ಅದೇ ಪಿನ್ ಕೋಡ್ ನಡೆಯುತ್ತದೆ, ಆ ಮಳೆಯಲ್ಲೂ ಹುಡುಗ ಬೈಕಿನಲ್ಲಿ ಬಂದು ದುಡ್ಡು ಎಣಿಸಿಕೊಂಡು ಹೋಗುತ್ತಾನೆ, ವಾಪಸ್ ತಗೊಳ್ಳಬೇಕು ಅಂದ ಕೂಡಲೇ ನಮ್ಮ ಊರು ಅವರ ಭೂಪಟದಲ್ಲೇ ಇರುವುದಿಲ್ಲ. ಕೊನೆಗೆ 200 ರೂಪಾಯಿ ಕೂಪನ್ ಕೊಡುತ್ತೇವೆ ಅಂದರು. ಇವರ ಹತ್ತಿರವೇ ಇನ್ನೊಂದು ಡಬ್ಬ ಕೊಳ್ಳುವುದಕ್ಕೆ! ನಮ್ಮನ್ನು ಏನಂದುಕೊಂಡಿದ್ದಾರೆ?

ಇದೆಲ್ಲ ಅವರ ಮರ್ಜಿಗೆ ಬಿಟ್ಟ ವಿಷಯ ಅಂತ ಯಾರಾದರೂ ಅಂದುಕೊಂಡಿದ್ದರೆ ಅದು ತಪ್ಪು. ಆನ್‌ಲೈನ್ ವ್ಯಾಪಾರಕ್ಕೆ ಅಂತಲೇ 2020ರಲ್ಲಿ ಗ್ರಾಹಕ ರಕ್ಷಣಾ ನಿಯಮ ಬಂದಿದೆ. ಎಕ್ಸ್‌ಪೈರಿ ಇರುವ ಸಾಮಾನಾದರೆ ಆ ಡೇಟನ್ನು ಮಾರುವವರು ಕೊಳ್ಳುವ ಮೊದಲೇ ತಿಳಿಸಬೇಕು. ವಿದೇಶದ ಮಾಲಾದರೆ ತರಿಸಿದವರು ಯಾರು ಅಂತ ಹೇಳಬೇಕು. ಸಾಮಾನು ದೋಷದ್ದೋ ನಕಲಿಯೋ ಆಗಿದ್ದರೆ, ಹೇಳಿದ ಹಾಗೆ ಇಲ್ಲದಿದ್ದರೆ, ವಾಪಸ್ ತಗೊಳ್ಳುವುದಿಲ್ಲ ಅನ್ನುವ ಹಾಗಿಲ್ಲ. ದೂರು ನೋಡುವ ಅಧಿಕಾರಿಯ ಹೆಸರು, ವಿಳಾಸ ಹಾಕಬೇಕು. 48 ಗಂಟೆಯೊಳಗೆ ದೂರು ತಲುಪಿತು ಅನ್ನಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಇವರ ಪುಟವನ್ನು ಕೆಳಗಿನ ತನಕ ಜಾಲಾಡಿದೆ. ಒಂದು ಇಮೇಲ್ ಬಿಟ್ಟರೆ ಊರಿಲ್ಲ, ಬೀದಿ ಇಲ್ಲ, ಒಬ್ಬ ಮನುಷ್ಯನ ಹೆಸರಿಲ್ಲ.

ಇನ್ನು ಈ ವಿಮರ್ಶೆಗಳು. ಐದು ಸ್ಟಾರ್ ಕೊಟ್ಟವರು ಬರೆದಿದ್ದು ಓದಿ. "ಪ್ಯಾಕಿಂಗ್ ಸೂಪರ್, ಇನ್ನೂ ಹಚ್ಚಿಲ್ಲ." "ಬೇಗ ಬಂತು, ಥ್ಯಾಂಕ್ಸ್." ಹಚ್ಚದೇ ಇದ್ದವರ ಮಾತನ್ನು ನಂಬಿ ನಾವು ಮುಖಕ್ಕೆ ಹಚ್ಚಿಕೊಳ್ಳಬೇಕಾ? ಅತ್ತಿಗೆಗೆ ಬಂದ ಡಬ್ಬದೊಳಗೆ ಒಂದು ಚೀಟಿಯೂ ಇತ್ತು. ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿದರೆ 100 ರೂಪಾಯಿ ವಾಪಸ್ ಅಂತ. ಅಂದರೆ ಅಲ್ಲಿರುವ ಎಷ್ಟೋ ಸ್ಟಾರುಗಳು ದುಡ್ಡು ಕೊಟ್ಟು ತಗೊಂಡಿದ್ದು. ನಾನು ಸ್ಟಿಕ್ಕರ್ ಫೋಟೋ ಸಮೇತ ಬರೆದ ಒಂದು ಸ್ಟಾರಿನ ಮಾತು ಇವತ್ತಿಗೂ ಅಲ್ಲಿ ಕಾಣಿಸುತ್ತಿಲ್ಲ.

ಬೆಲೆಗೆ ತಕ್ಕ ಮಾಲಾ ಅಂತ ಕೇಳಿದರೆ ಅದೂ ಅಷ್ಟಕ್ಕಷ್ಟೇ. ಇವರದೇ ಇನ್ನೊಂದು ಕ್ರೀಮು ಇದೆ, ಮುಂದುಗಡೆ ದೊಡ್ಡ ಅಕ್ಷರದಲ್ಲಿ ಮುರುಗಲು (ಕೋಕಂ) ಬೆಣ್ಣೆ ಅಂತ ಬರೆದು, ಹಣ್ಣಿನ ಚಿತ್ರ ಹಾಕಿ, ಬೆಟ್ಟದ ಕಾಡಿನಿಂದ ತಂದದ್ದು ಅಂತ ಕತೆ ಕಟ್ಟಿದ್ದಾರೆ. ಮುರುಗಲು ಏನು ಅಂತ ಮಲೆನಾಡಿನವರಿಗೆ ಹೇಳಿಕೊಡುವುದಾ? ನಮ್ಮ ಅಜ್ಜಿ ಬೀಜ ಕುಟ್ಟಿ, ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಉಂಡೆ ಕಟ್ಟಿ ಇಡುತ್ತಿದ್ದರು. ಹಿಮ್ಮಡಿ ಒಡೆದರೆ ಅದನ್ನೇ ಬಿಸಿ ಮಾಡಿ ಹಚ್ಚುವುದು. ಈ ಕ್ರೀಮಿನ ಹಿಂದೆ ಸಣ್ಣ ಅಕ್ಷರದ ಪಟ್ಟಿ ಓದಿ. ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ ಬರಬೇಕು. ಫಿನಾಕ್ಸಿಎಥನಾಲ್ ಅಂತ ಕೆಡದ ಹಾಗೆ ಇಡುವ ಒಂದು ರಾಸಾಯನಿಕ ಇದೆ, ಅದನ್ನು ಶೇಕಡಾ 1ಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ. ಇವರ ಮುರುಗಲು ಬೆಣ್ಣೆ ಅದಕ್ಕಿಂತಲೂ ಕೆಳಗಿದೆ! ಅಂದರೆ 100 ಗ್ರಾಂ ಡಬ್ಬದಲ್ಲಿ ಒಂದು ಗ್ರಾಂ ಇದ್ದರೆ ದೊಡ್ಡದು. ನಮ್ಮ ಕಾಡಿನ ಹೆಸರು ಹೇಳಿ ನಮಗೇ ನೀರು ಮಾರುತ್ತಾರೆ.

ಸೈಜಿನ ವಿಷಯವೂ ಅಷ್ಟೇ. ಫೋಟೋದಲ್ಲಿ ಅಂಗೈ ಉದ್ದ ಕಾಣುವ ಸನ್‌ಸ್ಕ್ರೀನ್ ಮನೆಗೆ ಬಂದಾಗ 15 ಗ್ರಾಂ. ಮುಖ, ಕುತ್ತಿಗೆಗೆ ಸರಿಯಾಗಿ ಹಚ್ಚಬೇಕು ಅಂದರೆ ಎರಡು ಬೆರಳುದ್ದ, ಹತ್ತಿರ ಹತ್ತಿರ ಒಂದು ಗ್ರಾಂ ಬೇಕು. ದಿನಕ್ಕೆ ಒಂದೇ ಸಲ ಹಚ್ಚಿದರೂ ಅರ್ಧ ತಿಂಗಳಿಗೆ ಖಾಲಿ. 50 ಗ್ರಾಂ ಟ್ಯೂಬಿಗೆ ಎಷ್ಟು, ಇದಕ್ಕೆ ಎಷ್ಟು ಅಂತ ಗ್ರಾಮಿನ ಲೆಕ್ಕದಲ್ಲಿ ನೋಡಿದರೆ "ಅಗ್ಗ" ಅಂದಿದ್ದೇ ದುಬಾರಿ. ಅದರ ಮೇಲೆ "ಇನ್ನು ಎರಡೇ ಉಳಿದಿದೆ, ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ" ಅಂತ ಕೆಂಪು ಗಡಿಯಾರ ಬೇರೆ. ಇಂಥ ಸುಳ್ಳು ಅವಸರ ಹುಟ್ಟಿಸಬಾರದು ಅಂತ 2023ರಲ್ಲೇ ಕೇಂದ್ರ ಸರ್ಕಾರ ಮಾರ್ಗಸೂಚಿ ತಂದಿದೆ. ಆ ಗಡಿಯಾರ ಮಾತ್ರ ಮಾರನೇ ದಿನ ಮತ್ತೆ ಹತ್ತು ನಿಮಿಷದಿಂದಲೇ ಶುರುವಾಗುತ್ತದೆ.

ಇವೆಲ್ಲಕ್ಕಿಂತ ನನಗೆ ಹೆದರಿಕೆ ಆಗುವುದು ಲೇಬಲ್ಲೇ ಇಲ್ಲದ "ವೈಟನಿಂಗ್" ಡಬ್ಬಗಳನ್ನು ಕಂಡರೆ. ವಾಟ್ಸಾಪ್‌ನಲ್ಲಿ, ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತಾರಲ್ಲ, ಅವು. ನಮ್ಮ ನೆಂಟರ ಮನೆ ಹುಡುಗಿ, ಕಾಲೇಜಿಗೆ ಹೋಗುವವಳು, ಅಂಥದ್ದೊಂದು ತರಿಸಿ ಹಚ್ಚಿದಳು. ಮೊದಲು ಮುಖ ಬೆಳ್ಳಗಾಯಿತು. ಎಲ್ಲರೂ ಹೊಗಳಿದರು. ಆಮೇಲೆ ಕೆನ್ನೆ ಕೆಂಪಾಗಿ, ಚರ್ಮ ತೆಳುವಾಗಿ, ಸಣ್ಣ ಸಣ್ಣ ರಕ್ತನಾಳ ಕಾಣಲು ಶುರುವಾಯಿತು. ಬಿಸಿಲಿಗೆ ಹೋದರೆ ಉರಿ, ಕ್ರೀಮು ಬಿಟ್ಟರೆ ಇನ್ನೂ ಉರಿ. ಡಾಕ್ಟರು ನೋಡಿದ ಕೂಡಲೇ ಇದು ಸ್ಟೀರಾಯ್ಡ್ ಹಚ್ಚಿದ ಮುಖ ಅಂದರು. ಮೊಮೆಟಾಸೋನ್, ಕ್ಲೋಬೆಟಾಸಾಲ್ ಥರದ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ ಅಂತ 2018ರಲ್ಲೇ ಸರ್ಕಾರ ಬಿಗಿ ಮಾಡಿದೆ. ಬೆಳ್ಳಗಾಗಿಸುವ ಕೆಲವು ಕ್ರೀಮುಗಳಲ್ಲಿ ಪಾದರಸವೂ ಇರುತ್ತದೆ, ಅದು ಕಿಡ್ನಿಗೇ ಹೊಡೆತ. ಇದನ್ನು ಮಾರುವವರಿಗೆ ಆ ಹುಡುಗಿಯ ವಯಸ್ಸಿನ ಮಕ್ಕಳು ಇರುವುದಿಲ್ಲವಾ?

"ಕಡ್ಲೆಹಿಟ್ಟು ಹಚ್ಚಿಕೊಂಡರೆ ಆಗುತ್ತಿತ್ತು, ಇದೆಲ್ಲ ಯಾಕೆ ಬೇಕಿತ್ತು" ಅಂತ ಹೇಳುವವರು ಇದ್ದಾರೆ. ದಯವಿಟ್ಟು ಹೇಳಬೇಡಿ. ಬಂಗಿಗೆ ಸನ್‌ಸ್ಕ್ರೀನ್ ಬೇಕು ಅಂತ ಹೇಳಿದ್ದು ಡಾಕ್ಟರು, ಶೋಕಿಗೆ ತಗೊಂಡಿದ್ದಲ್ಲ. ಶೋಕಿಗೇ ತಗೊಂಡರೂ ಏನಾಯಿತು? ತೋಟ, ಕೊಟ್ಟಿಗೆ, ಅಡುಗೆಮನೆ ಅಂತ ವರ್ಷಪೂರ್ತಿ ದುಡಿಯುವ ಹೆಂಗಸು ತನ್ನ ಮುಖಕ್ಕೆ ಅಂತ ಐನೂರು ರೂಪಾಯಿ ಖರ್ಚು ಮಾಡಿದರೆ ಅವಳಿಗೆ ಒಳ್ಳೆಯ ಮಾಲು ಸಿಗಬೇಕು. ಮೋಸ ಮಾಡಿದವನನ್ನು ಬಿಟ್ಟು ಕೊಂಡವಳನ್ನು ಬೈಯುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ.

ಎಲ್ಲರೂ ಹೀಗೇ ಅಂತಲೂ ಅಲ್ಲ. ನಾನು ಸನ್‌ಸ್ಕ್ರೀನ್ ತರಿಸುವ ಕಡೆ, ಪುಟದಲ್ಲೇ "ಈಗ ಕಳಿಸುವ ಬ್ಯಾಚಿನ ಎಕ್ಸ್‌ಪೈರಿ ಇಂಥ ತಿಂಗಳು" ಅಂತ ಹಾಕುತ್ತಾರೆ, ಡಬ್ಬದ ನಾಲ್ಕೂ ಕಡೆಯ ಫೋಟೋ ಇರುತ್ತದೆ. ಡೇಟ್ ಹತ್ತಿರ ಇದ್ದರೆ ಹತ್ತಿರ ಇದೆ ಅಂತ ಹೇಳಿಯೇ ಕಡಿಮೆಗೆ ಮಾರುತ್ತಾರೆ. ಒಂದು ಸಲ ಟ್ಯೂಬ್ ಸೋರಿತ್ತು, ಫೋಟೋ ಕಳಿಸಿದೆ, ಮರುಮಾತಿಲ್ಲದೆ ದುಡ್ಡು ವಾಪಸ್ ಬಂತು. ಅವರಿಗೆ ಸಾಧ್ಯ ಆದರೆ ಇವರಿಗೆ ಯಾಕೆ ಆಗುವುದಿಲ್ಲ? ಈಗ ನಾನು ಯಾವ ಹೊಸ ಅಂಗಡಿ ಸಿಕ್ಕರೂ ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ, ಕಳಿಸುವ ಡಬ್ಬದ ಎಕ್ಸ್‌ಪೈರಿ ಡೇಟ್ ಏನು ಅಂತ. ನೇರ ಉತ್ತರ ಕೊಟ್ಟರೆ ಮುಂದಿನ ಮಾತು. "ಫ್ರೆಶ್ ಸ್ಟಾಕ್ ಮೇಡಂ" ಅಂತ ಹಾರಿಸಿದರೆ ಅಲ್ಲಿಗೇ ಬಿಟ್ಟೆ.

ಕೂಪನ್ ಬೇಡ ಅಂತ ಬರೆದು ಕಳಿಸಿದ್ದೇನೆ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ದಾಖಲು ಮಾಡಿದ್ದೇನೆ. ಅದರಲ್ಲಿ ಆಗದಿದ್ದರೆ ಇಲ್ಲೇ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದು. 2019ರ ಕಾಯ್ದೆ ಬಂದ ಮೇಲೆ ಕೊಂಡವರು ತಾವು ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, ಕಂಪನಿ ದಿಲ್ಲಿಯಲ್ಲಿರಲಿ ಮುಂಬೈಯಲ್ಲಿರಲಿ. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕವೂ ಇಲ್ಲ. ಕಡತ ಅತ್ತಿಗೆ ಹೆಸರಲ್ಲೇ ಇರುತ್ತದೆ, ಓಡಾಟ ನನ್ನದು.

ಸಾಗರ, ಸೊರಬ, ತೀರ್ಥಹಳ್ಳಿ, ರಿಪ್ಪನ್‌ಪೇಟೆ ಕಡೆಯವರು ಯಾರಾದರೂ ಇತ್ತೀಚೆಗೆ ಹೀಗೆ ಸೀರಮ್ ತರಿಸಿದ್ದರೆ ಡಬ್ಬ ಒಲೆಗೆ ಹಾಕಬೇಡಿ. ಡೇಟ್ ಇರುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಸ್ಟಿಕ್ಕರ್ ಇದ್ದರೆ ಕೀಳುವ ಮೊದಲು ಒಂದು ಫೋಟೋ, ಕಿತ್ತ ಮೇಲೆ ಒಂದು ಫೋಟೋ ತೆಗೆಯಿರಿ, ಬಿಲ್ ಜೊತೆಗಿಡಿ, ನನಗೆ ಒಂದು ಮಾತು ತಿಳಿಸಿ. ದೂರಿನ ಜೊತೆ ಸೇರಿಸುತ್ತೇನೆ.