ಹೇಳಿದ ಮಾತು ಕೇಳದ ಆನೆ

ಕಂಪ್ಯೂಟರ್ ಯುದ್ಧದ ಸೈನಿಕರಷ್ಟು ಒಳ್ಳೆಯ ಆಳುಗಳು ಇನ್ನೆಲ್ಲೂ ಸಿಗುವುದಿಲ್ಲ. ಮೌಸ್ ಒತ್ತಿದ ಕಡೆ ಓಡುತ್ತಾರೆ. ನಿಲ್ಲು ಅಂದರೆ ನಿಲ್ಲುತ್ತಾರೆ. ಬಿಸಿಲು ಜಾಸ್ತಿ ಅನ್ನುವುದಿಲ್ಲ, ಸಂಬಳದ ಮಾತೆತ್ತುವುದಿಲ್ಲ. ಮನೆಯಲ್ಲಿ ಒಂದು ಲೋಟ ನೀರು ಕೇಳಿದರೆ ‘ಕೈಕಾಲು ಗಟ್ಟಿಯಾಗಿವೆಯಲ್ಲ, ಎದ್ದು ಹೋಗಿ ಕುಡೀರಿ’ ಅನ್ನಿಸಿಕೊಳ್ಳುವ ನನ್ನಂಥವನಿಗೆ ಇದು ಸಣ್ಣ ಸುಖವಲ್ಲ.

ಆದರೆ ಎಲ್ಲರೂ ಹೇಳಿದ್ದನ್ನೆಲ್ಲ ಕೇಳುತ್ತಿದ್ದರೆ ಯುದ್ಧವೂ ಬೇಜಾರೇ. ಅದಕ್ಕೇ ಇರಬೇಕು, 2004ರಲ್ಲಿ ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ ಕಂಪನಿಯವರು ‘ರೋಮ್: ಟೋಟಲ್ ವಾರ್’ ಆಟ ಮಾಡುವಾಗ ಅದರೊಳಗೆ ಆನೆಗಳನ್ನು ಬಿಟ್ಟರು. 2021ರಲ್ಲಿ ಆಟಕ್ಕೆ ಹೊಸ ಬಣ್ಣ ಬಳಿದು ಮತ್ತೆ ತಂದರು. ಆನೆಯ ಬುದ್ಧಿ ಮಾತ್ರ ಬದಲಾಗಿಲ್ಲ.

ಆನೆ ನುಗ್ಗಿದರೆ ಕಾಲಾಳುಗಳು ಗಾಳಿಯಲ್ಲಿ ಹಾರಿ ಬೀಳುತ್ತಾರೆ. ಕುದುರೆಗಳು ಹತ್ತಿರ ಬರಲು ಅಂಜುತ್ತವೆ. ಸ್ವಲ್ಪ ಹೊತ್ತು ನೀವೇ ಚಕ್ರವರ್ತಿ. ಅಷ್ಟರಲ್ಲಿ ಎದುರಿನವನು ಬೆಂಕಿ ಬಾಣ ಬಿಡುತ್ತಾನೆ. ಇಲ್ಲವೇ ಹಂದಿ ಬಿಡುತ್ತಾನೆ, ಮೈಗೆ ಬೆಂಕಿ ಹಚ್ಚಿದ ಹಂದಿ. (ಇದು ಆಟದವರ ಕಿತಾಪತಿಯಲ್ಲ. ಮೆಗರಾ ಎಂಬ ಗ್ರೀಕ್ ಊರಿನವರು ಹೀಗೇ ಮಾಡಿ ಮುತ್ತಿಗೆ ಹಾಕಿದವರ ಆನೆಗಳನ್ನು ಓಡಿಸಿದರು ಎಂದು ಹಳೆಯ ಲೇಖಕರು ಬರೆದಿದ್ದಾರೆ.) ಅಲ್ಲಿಂದ ಮುಂದೆ ಆನೆ ನಿಮ್ಮದಲ್ಲ. ಎಷ್ಟು ಕ್ಲಿಕ್ ಮಾಡಿದರೂ ಅಷ್ಟೇ. ನಮ್ಮವರು, ಅವರ ಕಡೆಯವರು ಅನ್ನದೆ ತುಳಿಯುತ್ತದೆ. ಆಗ ನಿಮಗೆ ಉಳಿಯುವುದು ಒಂದೇ ಬಟನ್: ಆನೆಯನ್ನು ಕೊಲ್ಲುವುದು. ಒತ್ತಿದರೆ ಮೇಲೆ ಕೂತ ಮಾವುತನೇ ಅದನ್ನು ಮುಗಿಸುತ್ತಾನೆ.

ಈ ಬಟನ್ನಿಗೂ ಇತಿಹಾಸವಿದೆ. ರೋಮಿನ ಮೇಲೆ ದಂಡೆತ್ತಿದ ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್‌ನ ತಮ್ಮ ಹಸ್ದ್ರುಬಲ್ ತನ್ನ ಮಾವುತರ ಕೈಗೆ ಒಂದು ಉಳಿ, ಒಂದು ಸುತ್ತಿಗೆ ಕೊಟ್ಟಿದ್ದನಂತೆ. ಆನೆ ಕೆರಳಿ ತನ್ನವರ ಮೇಲೇ ತಿರುಗಿದರೆ ಕಿವಿಗಳ ನಡುವೆ, ತಲೆ ಕತ್ತಿಗೆ ಸೇರುವ ಜಾಗದಲ್ಲಿ ಉಳಿ ಇಟ್ಟು ಬಲವಾಗಿ ಹೊಡೆಯಬೇಕು. ಕ್ರಿ.ಪೂ. 207ರ ಮೆಟಾರಸ್ ಯುದ್ಧದಲ್ಲಿ ಶತ್ರುಗಳಿಗಿಂತ ಹೆಚ್ಚು ಆನೆಗಳನ್ನು ಮಾವುತರೇ ಕೊಂದರು ಎನ್ನುತ್ತಾನೆ ರೋಮಿನ ಇತಿಹಾಸಕಾರ ಲಿವಿ. ದಿನಾ ಮೀಯಿಸಿ, ಮೇವು ಹಾಕಿ, ಮಗುವಿನ ಹಾಗೆ ಮಾತಾಡಿಸಿದ ಪ್ರಾಣಿ ಅದು. ಸೊಂಟದಲ್ಲಿ ಸುತ್ತಿಗೆ ಸಿಕ್ಕಿಸಿಕೊಂಡೇ ಅದರ ಕತ್ತಿನ ಮೇಲೆ ಕೂರುವುದು ಎಂಥ ಕೆಲಸ!

ನಾನು ಮತ್ತೆ ಮತ್ತೆ ಆಡುವುದು ರಾಫಿಯಾ ಯುದ್ಧವನ್ನು. ಇವತ್ತು ಸುದ್ದಿಯಲ್ಲಿ ಬರುವ ಗಾಜಾದ ರಫಾ ಊರಿನ ಹತ್ತಿರವೇ ಕ್ರಿ.ಪೂ. 217ರಲ್ಲಿ ಅದು ನಡೆಯಿತು. ಒಂದು ಕಡೆ ಸಿರಿಯಾದ ಅಂಟಿಯೋಕಸ್, ಇನ್ನೊಂದು ಕಡೆ ಈಜಿಪ್ಟಿನ ಟಾಲೆಮಿ. ಅಂಟಿಯೋಕಸ್ ಹತ್ತಿರ 102 ಆನೆ, ಟಾಲೆಮಿ ಹತ್ತಿರ 73. ಲೆಕ್ಕ ಕೊಟ್ಟವನು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್. ಅಂಟಿಯೋಕಸ್‌ನದು ಭಾರತದ ಆನೆಗಳು, ಟಾಲೆಮಿಯದು ಆಫ್ರಿಕಾದವು. ಅಂಟಿಯೋಕಸ್‌ನ ವಂಶದ ಮೂಲಪುರುಷ ಸೆಲ್ಯೂಕಸ್‌ಗೆ ಒಪ್ಪಂದದಲ್ಲಿ 500 ಆನೆ ಕೊಟ್ಟವನು ಚಂದ್ರಗುಪ್ತ ಮೌರ್ಯ. ಹೌದು, ಶ್ರವಣಬೆಳಗೊಳದ ಬೆಟ್ಟದಲ್ಲಿ ದೇಹ ಬಿಟ್ಟ ಎಂದು ಜೈನರು ಹೇಳುವ ಅದೇ ಚಂದ್ರಗುಪ್ತ. ಹೀಗಾಗಿ ನಾನು ಯಾವಾಗಲೂ ಅಂಟಿಯೋಕಸ್‌ನ ಪಕ್ಷ. ಇದು ನ್ಯಾಯವಲ್ಲ, ಸುಮ್ನೆ ಊರಿನ ಅಭಿಮಾನ.

ನಿಜವಾದ ಯುದ್ಧದಲ್ಲಿ ಆಫ್ರಿಕಾದ ಆನೆಗಳು ಭಾರತದ ಆನೆಗಳ ವಾಸನೆ ಮತ್ತು ಘೀಳಿಗೇ ಬೆದರಿ, ಹಿಂದಿದ್ದ ತಮ್ಮವರ ಮೇಲೇ ನುಗ್ಗಿದವಂತೆ. ಆಟದಲ್ಲಿ ಈ ಚಂದ ನೋಡಲು ಸಿಗುವುದಿಲ್ಲ. ಅಲ್ಲಿನ ಈಜಿಪ್ಟಿಗೆ ಆನೆಯೇ ಇಲ್ಲ! ಬದಲಿಗೆ ರಥ ಕೊಟ್ಟಿದ್ದಾರೆ. ಸೈನಿಕರೂ ಸಾವಿರ ವರ್ಷ ಹಿಂದಿನ ಫೇರೋಗಳ ಕಾಲದಿಂದ ಎದ್ದು ಬಂದ ಹಾಗಿದ್ದಾರೆ. ಟಾಲೆಮಿ ಗ್ರೀಕ್ ಮನೆತನದವನು, ಅವನ ಸೈನ್ಯದ ನಡುವೆ ಇದ್ದದ್ದು ಫ್ಯಾಲಾಂಕ್ಸ್, ಅಂದರೆ ಉದ್ದ ಈಟಿ ಹಿಡಿದು ಒತ್ತೊತ್ತಾಗಿ ನಿಲ್ಲುವ ಕಾಲಾಳುಗಳ ಸಾಲು. ಇತಿಹಾಸ ಬಲ್ಲ ಆಟಗಾರರು ಇದಕ್ಕೆ ಸಿಟ್ಟಾಗಿ ತಾವೇ ಕೂತು ಆಟವನ್ನು ತಿದ್ದಿ ಬರೆದದ್ದೂ ಉಂಟು. ನನಗೆ ಅಷ್ಟು ವ್ಯವಧಾನವಿಲ್ಲ, ಇರುವುದರಲ್ಲೇ ಆಡುತ್ತೇನೆ.

ಒಮ್ಮೆಯಂತೂ ಭಾರಿ ಜಿದ್ದಾಜಿದ್ದಿ ನಡೆಯಿತು. ನಡುವೆ ನನ್ನ ಈಟಿಯವರು ಅವರ ಈಟಿಯವರಿಗೆ ಕಚ್ಚಿಕೊಂಡು ನಿಂತರು. ಯಾರೂ ಹಿಂದೆ ಸರಿಯುವುದಿಲ್ಲ, ಮುಂದೆಯೂ ಹೋಗುವುದಿಲ್ಲ. ಬಲಗಡೆ ಆನೆ ಬಿಟ್ಟೆ. ಎರಡು ರಥದ ದಳ ಪುಡಿಪುಡಿ. ಎಡಗಡೆ ನನ್ನ ಕುದುರೆಗಳು ಸೋತು ಬಿಳಿ ಬಾವುಟ ತೋರಿಸಿ ಓಡುತ್ತಿವೆ. ಆನೆಗಳನ್ನು ತಿರುಗಿಸಿ ಅವರ ಈಟಿಯವರ ಬೆನ್ನಿಗೆ ಹೊಡೆದರೆ ಆಯಿತು ಎನ್ನುವಷ್ಟರಲ್ಲಿ ಬೆಂಕಿ ಬಾಣ ಬಂದವು. ಆನೆಗಳು ತಿರುಗಿದ್ದೇನೋ ತಿರುಗಿದವು, ನನ್ನ ಈಟಿಯವರ ಕಡೆಗೆ.

ಆಟ ನಿಲ್ಲಿಸಿದೆ. ಪಾಜ್ ಬಟನ್ ಒತ್ತಿದರೆ ಬಾಣಗಳೂ ಗಾಳಿಯಲ್ಲೇ ನಿಲ್ಲುತ್ತವೆ. ಮೇಲಿನಿಂದ ಸಂಜಯನ ಹಾಗೆ ಎಲ್ಲ ಕಾಣುತ್ತದೆ. ಆನೆ ಕೊಲ್ಲುವ ಬಟನ್ ಒತ್ತಿದರೆ ಸೈನ್ಯ ಉಳಿಯುತ್ತದೆ. ಪಕ್ಕದಲ್ಲಿ ಮಗಳು ಕೂತಿದ್ದಳು. ‘ಅಪ್ಪಾ, ಆನೆ ಬೇಡ. ಜನ ಬೇಕಾದ್ರೆ ಸಾಯ್ಲಿ’ ಅಂದಳು. ಮೈಸೂರಿನಲ್ಲಿ ದಸರಾಕ್ಕೆ ಮುಂಚೆ ಆನೆಗಳಿಗೆ ಕುಶಾಲತೋಪಿನ ತಾಲೀಮು ಮಾಡಿಸುತ್ತಾರಲ್ಲ, ಅದನ್ನು ನೋಡಿದ್ದಳು. ತೋಪು ಢಂ ಅಂದಾಗ ಹೊಸ ಆನೆಗಳು ಬೆಚ್ಚುತ್ತವೆ. ಮಾವುತರು ಅವುಗಳನ್ನು ತಡವಿ ಸಮಾಧಾನ ಮಾಡುತ್ತಾರೆ. ಅದನ್ನು ಕಂಡವಳಿಗೆ ಸುತ್ತಿಗೆ ಒಪ್ಪಿಗೆಯಾಗುವುದು ಹೇಗೆ? ನಾನೂ ಒತ್ತಲಿಲ್ಲ. ಆನೆಗಳು ನನ್ನ ಮೂರು ದಳ ತುಳಿದು, ಅದೇ ರಭಸದಲ್ಲಿ ಅವರ ಎರಡು ದಳವನ್ನೂ ತುಳಿದವು. ಕೊನೆಗೆ ಉಳಿದ ಕೈಬೆರಳೆಣಿಕೆ ಜನರಿಂದ ಹೇಗೋ ಗೆದ್ದೆ. ಆಟ ಅದನ್ನು ‘ಕ್ಲೋಸ್ ವಿಕ್ಟರಿ’ ಎಂದು ಬರೆದುಕೊಂಡಿತು.

ಅಂಟಿಯೋಕಸ್‌ಗೆ ಅಷ್ಟೂ ದಕ್ಕಲಿಲ್ಲ. ಅವನ ಆನೆಗಳು ಗೆದ್ದವು. ಎದುರಿನ ಕುದುರೆಗಳನ್ನು ಸ್ವತಃ ಅವನೇ ಚೆದುರಿಸಿದ. ಆಮೇಲೆ ಓಡುವವರನ್ನು ಅಟ್ಟಿಸಿಕೊಂಡು ಹೋದ, ಹೋದ, ಹೋದ. ಹಿರಿಯನೊಬ್ಬ ತಡೆದು, ‘ಅಲ್ಲಿ ನೋಡಿ, ಧೂಳು ನಮ್ಮ ಬಿಡಾರದ ಕಡೆ ಸಾಗುತ್ತಿದೆ’ ಎಂದು ತೋರಿಸುವ ಹೊತ್ತಿಗೆ ನಡುವಿನ ಸೈನ್ಯ ಸೋತು ಓಡುತ್ತಿತ್ತು. ಸುಮಾರು 10,000 ಕಾಲಾಳುಗಳು ಸತ್ತರು. ಅವನ ಆನೆ ಸತ್ತದ್ದು ಐದು. ಕೆರಳಿದ ಆನೆಗೆ ಮಾವುತನ ಸುತ್ತಿಗೆ ಇದೆ, ಕೆರಳಿದ ರಾಜನ ಕತ್ತಿನ ಮೇಲೆ ಯಾರು ಕೂರಬೇಕು?

ಅವನು ಆನೆ ಸಾಕು ಅನ್ನಲಿಲ್ಲ. ಕಾಬೂಲಿನ ಕಡೆಯವರೆಗೆ ದಂಡೆತ್ತಿ ಬಂದು, ಅಲ್ಲಿನ ಭಾರತೀಯ ರಾಜನೊಬ್ಬನಿಂದ ಇನ್ನಷ್ಟು ಪಡೆದು ಸಂಖ್ಯೆಯನ್ನು 150ಕ್ಕೆ ಏರಿಸಿಕೊಂಡ. ಮುಂದೆ ಈಗಿನ ಟರ್ಕಿಯಲ್ಲಿರುವ ಮ್ಯಾಗ್ನೀಷಿಯಾದಲ್ಲಿ ರೋಮನ್ನರ ಎದುರು ಮತ್ತದೇ ಕಥೆ. ಇವನು ಒಂದು ಕಡೆ ಗೆದ್ದು ಅಟ್ಟಿಸಿಕೊಂಡು ಹೋದ. ಇತ್ತ ಈಟಿಯವರ ನಡುವೆ ನಿಲ್ಲಿಸಿದ್ದ ಆನೆಗಳು ಬೆದರಿ ತಮ್ಮ ಸಾಲನ್ನೇ ಒಡೆದವು. ಕ್ರಿ.ಪೂ. 188ರ ಒಪ್ಪಂದದಲ್ಲಿ ರೋಮನ್ನರು ಕಡ್ಡಿ ಮುರಿದ ಹಾಗೆ ಬರೆಸಿದರು: ಇರುವ ಆನೆಗಳನ್ನೆಲ್ಲ ಒಪ್ಪಿಸಬೇಕು, ಇನ್ನು ಮುಂದೆ ಒಂದನ್ನೂ ಇಟ್ಟುಕೊಳ್ಳುವಂತಿಲ್ಲ.

ನನ್ನ ಮೇಲೆ ಅಂಥ ಒಪ್ಪಂದ ಯಾವುದೂ ಇಲ್ಲ. ಮುಂದಿನ ಆಟಕ್ಕೆ ಒಂದು ಕುದುರೆ ದಳ ಕಡಿಮೆ ಮಾಡಿ ಇನ್ನೊಂದು ಆನೆ ದಳ ಕೊಂಡಿದ್ದೇನೆ. ದೊಡ್ಡ ಆನೆಗೆ ಹೆಸರು ಇಡುವುದು ಯಾರು ಎಂಬುದರ ಮೇಲೆ ಮಗಳಿಗೂ ನನಗೂ ಜಗಳ ನಡೆದಿದೆ.