ಜಗುಲಿಯ ತರ್ಕಕ್ಕೆ ಕೊಳೆರೋಗ

ಶಿರಸಿ ಸೀಮೆಯಲ್ಲಿ ಬಾಯಲ್ಲಿ ಎಲೆಯಡಿಕೆಯ ಕವಳ ಇದ್ದಷ್ಟು ಹೊತ್ತು ತರ್ಕ ಸುರಕ್ಷಿತ. ಉಗುಳಿ ಬಂದು ಜಗುಲಿಯಲ್ಲಿ ಕೂತರೆ ಮುಗಿಯಿತು. ಮಳೆಗಾಲದಲ್ಲಂತೂ ಅಡಿಕೆಗಿಂತ ಮೊದಲು ಕೊಳೆಯುವುದು ವಾದವೇ.

“ಮದ್ದು ಹೊಡೆದ ಮೇಲೇ ಕೊಳೆ ಬಂತು. ಮದ್ದಿಂದೇ ದೋಷ!” ಎನ್ನುತ್ತಾರೆ ಭಾವ.

ಕಾಗೆ ಕೂತಿತು, ತಾಳೆಹಣ್ಣು ಬಿತ್ತು, ತಪ್ಪು ಕಾಗೆಯ ತಲೆಗೆ. ಇಂಥ ಕಾಕತಾಳೀಯ ವಾದ ಕಿವಿಗೆ ಬಿದ್ದಾಗ ಮೊದಲು ಬೇರೆ ಕಾರಣಗಳನ್ನು ಕೆದಕಬೇಕು. ಕೊಳೆ ತಡೆಯಲು ಅಡಿಕೆಗೆ ಹೊಡೆಯುವ ಮದ್ದು ಬೋರ್ಡೋ ದ್ರಾವಣ. ಅದಕ್ಕೆ 1 ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಅಲ್ಲ. ಉಜ್ಜಿದ ಕತ್ತಿ ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು. ಕಲಸಿದ ದಿನವೇ ಹೊಡೆದರೋ? ಒಣಗುವ ಮೊದಲೇ ಮಳೆ ತೊಳೆಯಿತೋ? 40–45 ದಿನಕ್ಕೆ ಎರಡನೇ ಸಲ ಆಯಿತೋ? ಭಾವ ಇಷ್ಟರೊಳಗೆ ಇನ್ನೊಂದು ಕವಳಕ್ಕೆ ಸುಣ್ಣ ಹಚ್ಚುತ್ತಿರುತ್ತಾರೆ.

ಬಿಡಬಾರದು. ಚೌಕ ಗೀಚಿ ನಾಲ್ಕು ಮನೆ ಮಾಡಬೇಕು: ಹೊಡೆದೂ ಕೊಳೆತದ್ದು, ಹೊಡೆದು ಉಳಿದದ್ದು, ಹೊಡೆಯದೆ ಕೊಳೆತದ್ದು, ಹೊಡೆಯದೆಯೂ ಉಳಿದದ್ದು. ಜಗುಲಿಯಲ್ಲಿ ಸಿಗುವುದು ಮೊದಲನೇ ಮನೆಯ ಲೆಕ್ಕ ಮಾತ್ರ. ಹೊಡೆದ 100 ತೋಟದಲ್ಲಿ 20ಕ್ಕೆ, ಹೊಡೆಯದ 10ರಲ್ಲಿ 8ಕ್ಕೆ ಕೊಳೆ ಬಂತು ಅಂತಿಟ್ಟುಕೊಳ್ಳಿ. “ಹೊಡೆದವರಲ್ಲೇ ಜಾಸ್ತಿ, ಇಪ್ಪತ್ತು ಜನ!” ಎಂಬ ಸುದ್ದಿ ಪೇಟೆ ತನಕ ಹೋಗುತ್ತದೆ. ಅಲ್ಲಿ ನೂರಕ್ಕೆ 20, ಇಲ್ಲಿ ನೂರಕ್ಕೆ 80 ಎಂಬುದು ಅಂಗಳವನ್ನೂ ದಾಟುವುದಿಲ್ಲ.

ಘಟ್ಟ ಇಳಿದರೆ ಕಾರವಾರದ ಮೀನುಪೇಟೆ. ಬಂಗಡೆಯ ಕಣ್ಣು ಮಂಜಾಗಿದೆ, ಕಿವಿರು ಕಂದಿದೆ, ಒತ್ತಿದ ಗುಳಿ ಹಾಗೇ ಉಳಿದಿದೆ ಎಂದಿರೋ, ಮಾರುವವಳ ಉತ್ತರ ಸಿದ್ಧ: “ನಿನ್ನೆ ಆಚೆ ಬುಟ್ಟಿಯಿಂದ ಇದಕ್ಕಿಂತ ಹಳೇದು ತಗೊಂಡು ಹೋದ್ರಲ್ಲ ಬಾಯೀ!” ಹೌದು, ತಗೊಂಡದ್ದು ಹೌದು. ಇವತ್ತಿನ ಬಂಗಡೆ ಅದರಿಂದ ತಾಜಾ ಆಗಲಿಲ್ಲ. ಗಿರಾಕಿಯ ಚರಿತ್ರೆ ಬಿಟ್ಟು ಕಿವಿರಿಗೇ ಬೆರಳಿಡಬೇಕು.

ಮದುವೆಮನೆಯಲ್ಲಿ ಕೆಟ್ಟ ತರ್ಕದ ಬಗೆಯೇ ಬೇರೆ. “ಐದು ಸಿಹಿ ಯಾಕೆ, ಎರಡು ಸಾಕು” ಅಂದರೆ “ಹಾಗಾರೆ ಬಂದವರನ್ನ ಉಪವಾಸ ಕಳಿಸೋದಾ?” ಎಂಬ ಉತ್ತರ ಬರುತ್ತದೆ. ಉಪವಾಸದ ಮಾತು ಯಾರೂ ಆಡಿರಲಿಲ್ಲ. ಹೊಡೆಯಲು ಸುಲಭ ಎಂದು ಅವರೇ ಬೆರ್ಚಪ್ಪನನ್ನು ನಿಲ್ಲಿಸಿ ಅವರೇ ಬೀಳಿಸಿದ್ದು. “ನಾನು ಹೇಳಿದ್ದು ಎರಡು ಸಿಹಿ” ಎಂದು ಅದೇ ಶಬ್ದದಲ್ಲಿ ಇನ್ನೊಮ್ಮೆ ಹೇಳಿ ಸುಮ್ಮನಾಗುವುದು ಒಳ್ಳೆಯದು. ವಿವರಿಸಲು ಹೋದರೆ ಅಡುಗೆಭಟ್ಟರೂ ಸೇರಿಕೊಳ್ಳುತ್ತಾರೆ.

ಗೌತಮರ ನ್ಯಾಯಸೂತ್ರ ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸಿದೆ. ಸತ್ಯ ತಿಳಿಯಲು ವಾದ, ಗೆಲ್ಲಲು ಜಲ್ಪ. ವಿತಂಡಿಗೆ ತನ್ನದೆಂಬ ಪಕ್ಷವೇ ಇಲ್ಲ, ಎದುರಿನವನದ್ದು ಕೆಡವಿದರೆ ಆಯಿತು. ಗುರುತು ಹಿಡಿಯಲು “ಹಾಗಾದ್ರೆ ನಿಮ್ಮ ಪ್ರಕಾರ ಎಂತ ಮಾಡಬೇಕು?” ಎಂದರೆ ಸಾಕು. ವಿತಂಡಿಗೆ ತಕ್ಷಣ ದನ ಕಟ್ಟುವ ಹೊತ್ತಾಗುತ್ತದೆ.

ತರ್ಕ ಕೆಟ್ಟಿತೆಂದ ಮಾತ್ರಕ್ಕೆ ಮಾತು ಸುಳ್ಳಾಗಬೇಕಿಲ್ಲ. ಭಾವನ ಡ್ರಮ್ಮಿನಲ್ಲಿ ನಿಜಕ್ಕೂ ಸುಣ್ಣ ಕಡಿಮೆ ಬಿದ್ದಿರಬಹುದು. ಆಗ ಮದ್ದಿನದೇ ದೋಷ. ಆದ್ದರಿಂದ ದೋಷದ ಹೆಸರು ಕೂಗಿ ಹೇಳುವ ಮೊದಲು ಕತ್ತಿ ಅದ್ದಿ ನೋಡುವುದು ವಾಸಿ. ಜೊತೆಗೆ, ಈ ಸಲ ಅಡಿಕೆ ಮರ ಹತ್ತಿ ಮದ್ದು ಹೊಡೆಯುವ, ಕೊನೆ ಕೊಯ್ಯುವ ಕೊನೆಗೌಡ ಮೊದಲು ಯಾರ ತೋಟಕ್ಕೆ ಬರಲು ಒಪ್ಪಿದ್ದಾನೆ ಎಂದೂ ವಿಚಾರಿಸಿಕೊಳ್ಳಬೇಕು. ಭಾವನ ತೋಟಕ್ಕಾದರೆ, ನಾಲ್ಕು ಮನೆಯ ಚೌಕವನ್ನು ದೀಪಾವಳಿ ಕಳೆದ ಮೇಲೆ ಗೀಚಿದರಾಯಿತು.